ಚುಕ್ಕಿಯ ಹಸಿ ಡಬ್ಬಿಗೆ ಏನು ಹಾಸುವುದು

2023ರ ಬೇಸಿಗೆ. ಪಶುಪಾಲನಾ ಇಲಾಖೆಯಿಂದ ಸಹಾಯಕ ನಿರ್ದೇಶಕಿಯಾಗಿ ನಿವೃತ್ತಳಾದ ನಾನು ರಾಯಚೂರಿನ ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಸಣ್ಣದೊಂದು ಕ್ಲಿನಿಕ್ ನಡೆಸುತ್ತಿದ್ದೆ. ಜಾಲಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ಶುರುವಾದ ನನ್ನ ನೌಕರಿ ದೇವದುರ್ಗ ತಾಲೂಕಿನ ಹಳ್ಳಿಗಳನ್ನು ಸುತ್ತಿ, ಕೊನೆಗೆ ಮಾನ್ವಿಯಲ್ಲಿ ಮುಗಿದಿತ್ತು. ಅಷ್ಟು ವರ್ಷ ಕೈ ಪಳಗಿದ್ದು ಎತ್ತು, ಎಮ್ಮೆ, ಕುರಿ, ಆಡುಗಳಲ್ಲಿ. ಅಡ್ಡ ಬಿದ್ದ ಕರುವನ್ನು ಹೊಟ್ಟೆಯೊಳಗೇ ತಿರುಗಿಸಿ ಹೊರತೆಗೆಯುವುದು ನನಗೆ ಗೊತ್ತಿತ್ತು. ನಗರಕ್ಕೆ ಬಂದ ಮೇಲೆ ನಾಯಿ, ಬೆಕ್ಕು, ಮೊಲಗಳನ್ನು ಒಂದೊಂದಾಗಿ ಕಲಿತುಕೊಂಡೆ. ಹಲ್ಲಿಯನ್ನೂ ಕಲಿಯಬೇಕಾದೀತು ಎಂದು ಮಾತ್ರ ಎಣಿಸಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮಾನ್ವಿಯ ಶರಣಮ್ಮ ಬಂದರು. ಅವರದು ಅಕ್ಕಿ ಗಿರಣಿಯ ಮನೆತನ. ಯಜಮಾನರು ತೀರಿಕೊಂಡ ಮೇಲೆ ಗಿರಣಿಯನ್ನು ಮಗ ನೋಡಿಕೊಳ್ಳುತ್ತಿದ್ದ. ನಾನು ಮಾನ್ವಿಯಲ್ಲಿದ್ದಾಗ ಅವರ ಎಮ್ಮೆಯ ಕೆಚ್ಚಲು ಬಾವಿಗೆ ಚಿಕಿತ್ಸೆ ಮಾಡಿದ್ದೆ, ಆ ಪರಿಚಯ. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು, ಕೈಯಲ್ಲಿ ಹಸಿ ಟವೆಲ್ ಹೊದಿಸಿದ ಒಂದು ಬುಟ್ಟಿ. ಬುಟ್ಟಿಯನ್ನು ಮೈಗೆ ತಾಗದಂತೆ ತೋಳು ಚಾಚಿ ಹಿಡಿದುಕೊಂಡೇ ಬಸ್ಸಿಳಿದು ಬಂದಿದ್ದರೆಂದು ಕಾಣುತ್ತದೆ, ಮೇಜಿನ ಮೇಲಿಟ್ಟ ಮೇಲೆ ಭುಜ ನೀವಿಕೊಂಡರು. ಕೋಳಿಮರಿಯೋ ಬೆಕ್ಕಿನ ಮರಿಯೋ ಇರಬೇಕೆಂದು ನಾನು ಟವೆಲ್ಲಿಗೆ ಕೈ ಹಾಕಿದೆ.

"ಡಾಕ್ಟರಮ್ಮಾ, ಹೆದರಬ್ಯಾಡ್ರಿ," ಎಂದರು. "ಒಳಗ ಹಲ್ಲಿ ಅದ."

ನಾಯಿ ಹಿಡಿದು ಕೂತಿದ್ದವರು ಮುಸಿಮುಸಿ ನಕ್ಕರು. ಶರಣಮ್ಮ ನಗಲಿಲ್ಲ. ಅವರ ಕಣ್ಣು ಕೆಂಪಾಗಿದ್ದವು.

ಬುಟ್ಟಿಯೊಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದದ್ದು ನಮ್ಮ ಗೋಡೆಯ ಹಲ್ಲಿಯಲ್ಲ. ಹಳದಿ ಮೈಯ ಮೇಲೆ ಕಪ್ಪು ಚುಕ್ಕೆಗಳಿರುವ, ಅಂಗೈಗಿಂತ ಸ್ವಲ್ಪ ಉದ್ದದ ಲೆಪರ್ಡ್ ಗೆಕ್ಕೊ. ಮಾರಾಟಕ್ಕೆ ಬರುವ ಇವು ಸಾಕುವವರ ಬಳಿಯೇ ಹುಟ್ಟಿ ಬೆಳೆದವು. ಗೋಡೆ ಹತ್ತುವ ಅಂಟು ಪಾದ ಇವಕ್ಕಿಲ್ಲ; ನೆಲದ ಮೇಲೆ ಮೆಲ್ಲಗೆ ನಡೆಯುತ್ತವೆ. ನಮ್ಮ ಹಲ್ಲಿಗಿಲ್ಲದ ರೆಪ್ಪೆ ಇವಕ್ಕುಂಟು, ಹಾಗಾಗಿ ಕಣ್ಣು ಮುಚ್ಚಿ ತೆರೆದು ನಮ್ಮನ್ನು ನೋಡಿದಾಗ ಯಾರೋ ಹಿರಿಯರು ನಿಧಾನವಾಗಿ ಯೋಚಿಸುತ್ತಿರುವಂತೆ ತೋರುತ್ತದೆ. ಆದರೆ ಆ ದಿನ ಅದರ ಎಡಗಣ್ಣು ಮುಚ್ಚಿಯೇ ಇತ್ತು. ಮೈಮೇಲೆಲ್ಲ ಸುಣ್ಣದ ಗೋಡೆ ಚಕ್ಕೆಯೆದ್ದ ಹಾಗೆ ಬಿಳಿ ಪೊರೆಯ ಚೂರುಗಳು. ಕಾಲಿನ ಬೆರಳುಗಳಿಗೆ ಆ ಪೊರೆಯೇ ದಾರ ಸುತ್ತಿದಂತೆ ಬಿಗಿದುಕೊಂಡಿತ್ತು. ಹಿಂದಿನ ಬಲಗಾಲಿನ ಎರಡು ಬೆರಳು ಊದಿದ್ದವು, ಒಂದರ ತುದಿ ಕಪ್ಪಾಗಿತ್ತು.

ಯಾರದು ಎಂದು ಕೇಳಿದೆ. ಆಗ ಅವರು ಹೇಳಿದ ಸಂಗತಿಯಿಂದ ಈ ಕೇಸು ನನಗೆ ಬರೀ ಹಲ್ಲಿಯ ಕೇಸಾಗಿ ಉಳಿಯಲಿಲ್ಲ.

ಹಲ್ಲಿ ಸೊಸೆ ವಿದ್ಯಾಳದು. ವಿದ್ಯಾ ಮಾನ್ವಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದಳು. ಮೊದಲ ಬಸಿರು ನಿಲ್ಲದೆ ಹೋದ ಮೇಲೆ ಬಹಳ ಕಾಲ ಯಾರೊಂದಿಗೂ ಮಾತಿಲ್ಲದೆ ಇದ್ದವಳು, ಹೈದರಾಬಾದಿಗೆ ಹೋದಾಗ ಸಾಕುವವರೊಬ್ಬರಿಂದ ಇದನ್ನು ತಂದು ಚುಕ್ಕಿ ಎಂದು ಹೆಸರಿಟ್ಟಳು. ಶರಣಮ್ಮನಿಗೆ ಎದೆ ಒಡೆದಂತಾಯಿತಂತೆ. ಹಲ್ಲಿ ಮೈಮೇಲೆ ಬಿದ್ದರೆ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಂಡು, ಪಂಚಾಂಗ ತೆಗೆದು ಯಾವ ಅಂಗಕ್ಕೆ ಯಾವ ಫಲ ಎಂದು ನೋಡುವ ಮನೆ ಅವರದು. ಅಂಥ ಮನೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿ! ಮೊದಲು ಮಾತು ಬಿಟ್ಟರು, ಆಮೇಲೆ ಮಗನಿಗೆ ಹೇಳಿ ನೋಡಿದರು. ಆದರೆ ಸಂಜೆ ಸೊಸೆ ಆ ಪೆಟ್ಟಿಗೆಯ ಮುಂದೆ ಕೂತಾಗ ಅವಳ ಮುಖ ಸಡಿಲವಾಗುವುದನ್ನು ಕಂಡು ಸುಮ್ಮನಾದರು. ಕೆಲವು ತಿಂಗಳ ನಂತರ ತಾವೂ ಒಂದು ಕುರ್ಚಿ ಎಳೆದುಕೊಂಡು, ಸ್ವಲ್ಪ ದೂರದಲ್ಲಿ, ಕೂರತೊಡಗಿದರು. ಅತ್ತೆ ಸೊಸೆ ಮತ್ತೆ ಮಾತಾಡತೊಡಗಿದ್ದು ಆ ಪೆಟ್ಟಿಗೆಯ ಮುಂದೆಯೇ.

ಈಗ ವಿದ್ಯಾ ಮತ್ತೆ ಗರ್ಭಿಣಿ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದೆ. ರಕ್ತ ಹೋಗಿ, ರಾತ್ರೋರಾತ್ರಿ ರಾಯಚೂರಿನ ಒಂದು ಆಸ್ಪತ್ರೆಗೆ ಕರೆತಂದಿದ್ದರು. ಹೆರಿಗೆಯವರೆಗೂ ಅಲ್ಲಿಯೇ ಮಲಗಿರಬೇಕೆಂದು ವೈದ್ಯರು ಹೇಳಿದ್ದರು. ಶರಣಮ್ಮ ಹಗಲು ಆಸ್ಪತ್ರೆಯಲ್ಲಿ, ಉಳಿದ ಹೊತ್ತು ಇಲ್ಲೇ ಇರುವ ತಂಗಿಯ ಮನೆಯಲ್ಲಿ. ನಡುನಡುವೆ ಮಾನ್ವಿಗೆ ಹೋಗಿ ಮನೆ ನೋಡಿ, ಚುಕ್ಕಿಗೆ ಹುಳ ಹಾಕಿ ಬರುವುದು.

"ದಿನಾ ಕೇಳಾಕತ್ತಾಳ್ರೀ, ಅತ್ತೀ ಚುಕ್ಕಿ ಹೆಂಗದ ಅಂತ," ಎಂದರು. "ನಾ ದಿನಾ ಛಲೋ ಅದ ಅಂತ ಹೇಳಾಕತ್ತೀನಿ. ಇದನ್ನ ಉಳಿಸಿಕೊಡ್ರಿ. ಇದಕ್ಕೇನಾರ ಆದ್ರ ಆಕಿ ಹೊಟ್ಯಾಗಿಂದು ಏನಾಕ್ಕದೋ ಅಂತ ನಂಗ ಜೀವ ಹಾರ್‍ಯದ."

ಹಲ್ಲಿಗೂ ಹೊಟ್ಟೆಯ ಕೂಸಿಗೂ ಸಂಬಂಧವಿಲ್ಲ ಎಂದು ಹೇಳುವುದು ಸುಲಭವಿತ್ತು. ಹೇಳಲಿಲ್ಲ. ಶಕುನವನ್ನು ನಾನು ನಂಬುವವಳಲ್ಲ. ಆದರೆ ಒಂದು ಕೂಸನ್ನು ಕಳೆದುಕೊಂಡ ಹೆಣ್ಣುಮಗಳು ಹಾಸಿಗೆ ಬಿಟ್ಟು ಏಳದೆ ದಿನ ನೂಕುವಾಗ ಅವಳ ಮನಸ್ಸು ಯಾವ ಎಳೆಯನ್ನು ಹಿಡಿದು ನಿಂತಿರುತ್ತದೆ ಎಂಬುದನ್ನು ಹೊರಗಿನವರು ಅಳೆಯಲಾಗದು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ವಯಸ್ಸು ಅನುಕೂಲ ಮಾಡಿಕೊಡುತ್ತದೆ. ಶರಣಮ್ಮನ ಎದುರಿಗೇ ಹೈದರಾಬಾದಿನಲ್ಲಿರುವ ನನ್ನ ಸಹಪಾಠಿ ರಘುನಂದನನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಆಮೆ, ಇಗುವಾನಾ, ಗೆಕ್ಕೊಗಳನ್ನೇ ನೋಡುವ ವೈದ್ಯ. ಚುಕ್ಕಿಯನ್ನು ನೋಡಿದ ಕೂಡಲೇ ಅವನು ಔಷಧಿ ಹೇಳಲಿಲ್ಲ. ಪೆಟ್ಟಿಗೆಯ ತಳಕ್ಕೆ ಏನು ಹಾಸಿದ್ದಾರೆ, ಎಷ್ಟು ಬಿಸಿ ಇದೆ, ಹ್ಯೂಮಿಡ್ ಹೈಡ್ ಎಲ್ಲಿದೆ ಎಂದು ಕೇಳಿದ.

ಹ್ಯೂಮಿಡ್ ಹೈಡ್ ಎಂದರೆ ಹಸಿ ಅಡಗುತಾಣ. ಲೆಪರ್ಡ್ ಗೆಕ್ಕೊ ಒಣ ಪ್ರದೇಶದ ಪ್ರಾಣಿಯೇ, ಆದರೆ ಹಾವಿನಂತೆ ಇದೂ ಆಗಾಗ ಪೊರೆ ಬಿಡುತ್ತದೆ. ಆಗ ಅದಕ್ಕೆ ತೇವ ಬೇಕು. ಕಾಡಿನಲ್ಲಾದರೆ ಕಲ್ಲಿನಡಿಯ ತಂಪು ಬಿಲ ಹುಡುಕಿಕೊಳ್ಳುತ್ತದೆ. ಮನೆಯಲ್ಲಿ ನಾವೇ ಒಂದು ಮುಚ್ಚಳದ ಡಬ್ಬಿಗೆ ನುಸುಳುವಷ್ಟು ತೂತು ಮಾಡಿ, ಒಳಗೆ ತೇವ ಹಿಡಿದಿಡುವ ವಸ್ತು ಹಾಸಿ ಕೊಡಬೇಕು. ಈ ಹಾಸುವ ವಸ್ತುವಿಗೆ ಸಬ್‌ಸ್ಟ್ರೇಟ್ ಎನ್ನುತ್ತಾರೆ. ಪೆಟ್ಟಿಗೆಯ ಉಳಿದ ಭಾಗದಲ್ಲಿ ಗಾಳಿಯ ತೇವಾಂಶ ಶೇಕಡಾ ಮೂವತ್ತು ನಲವತ್ತು ಸಾಕು. ಡಬ್ಬಿಯೊಳಗೆ ಎಪ್ಪತ್ತರ ಮೇಲೆ ಬೇಕು. ಅದಿಲ್ಲದಿದ್ದರೆ ಪೊರೆ ಮೈಗೇ ಒಣಗಿ, ಬೆರಳಿಗೆ ಉಂಗುರವಾಗಿ ಬಿಗಿದು, ರಕ್ತ ಹರಿಯದೆ ಬೆರಳು ಉದುರುತ್ತದೆ. ರೆಪ್ಪೆಯೊಳಗೆ ಉಳಿದರೆ ಕಣ್ಣೇ ಹೋಗಬಹುದು.

ನಾನು ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಂತೆ ಶರಣಮ್ಮನ ಮುಖ ಬಿಳಿಚಿಕೊಂಡಿತು.

ಅಂಥದೊಂದು ಡಬ್ಬಿ ಇತ್ತಂತೆ. ತೂತು ಮಾಡಿದ ಐಸ್‌ಕ್ರೀಂ ಡಬ್ಬಿ, ಒಳಗೆ ಪಾಚಿಯಂಥ ಕಂದು ನಾರು. ವಿದ್ಯಾ ಆಸ್ಪತ್ರೆ ಸೇರಿದ ಮೇಲೆ ಅದರಿಂದ ಮುಗ್ಗಲು ವಾಸನೆ ಬಂತು, ಬಿಳಿ ಬೂಜು ಕಂಡಿತು. ಸೊಸೆ ಬರುವಷ್ಟರಲ್ಲಿ ಎಲ್ಲ ಸ್ವಚ್ಛವಿರಲಿ ಎಂದು ಶರಣಮ್ಮ ಮೂಗು ಮುಚ್ಚಿಕೊಂಡು ಅದನ್ನು ತಿಪ್ಪೆಗೆ ಚೆಲ್ಲಿದರು. ತಳದಲ್ಲಿದ್ದ ಹಳೆಯ ಟೈಲ್ಸ್ ಹೊಲಸಾಗಿವೆ ಎಂದು ಅವನ್ನೂ ತೆಗೆದು, ಗಿರಣಿಯ ಆಳಿನಿಂದ ನದಿಯ ಸಣ್ಣ ಮರಳು ತರಿಸಿ, ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ ಹಾಸಿದರು. ಹಲ್ಲಿಯ ಬಗ್ಗೆ ಅಷ್ಟು ಅಸಹ್ಯವಿದ್ದವರು, ಅಷ್ಟು ಪ್ರೀತಿಯಿಂದ ಮಾಡಿದ ಕೆಲಸ. ರಾಯಚೂರು ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಹಪ್ಪಳ ಸಂಡಿಗೆ ಒಣಗುವ ಹಾಗೆ ಚುಕ್ಕಿ ಒಣಗಿತ್ತು.

"ನಾನಽ ಮಾಡಿದೆನೇನ್ರಿ ಇದನ್ನ?" ಎಂದು ಕೇಳಿದರು.

ಹೌದು ಎನ್ನುವುದೂ ಇಲ್ಲ ಎನ್ನುವುದೂ ಎರಡೂ ಪೂರ್ತಿ ನಿಜವಲ್ಲ. ಯಾರೂ ನಿಮಗೆ ಹೇಳಿರಲಿಲ್ಲ, ಈಗ ಗೊತ್ತಾಗಿದೆ, ಇನ್ನು ಮುಂದಿನದು ನೋಡೋಣ ಎಂದೆ.

ಚುಕ್ಕಿಯನ್ನು ಮಾನ್ವಿಗೆ ವಾಪಸು ಕಳಿಸುವುದು ಬೇಡವೆಂದು ನಮ್ಮ ಮನೆಯ ಒಳಗಿನ ತಂಪು ಕೋಣೆಯಲ್ಲೇ ಇಟ್ಟುಕೊಂಡೆ. ಮರಳು ಹೊಟ್ಟೆಗೆ ಹೋಗಿರುವ ಭಯ ರಘುನಂದನನಿಗಿತ್ತು. ಹುಳ ಹಿಡಿಯುವಾಗ ನುಂಗಿದ ಮರಳು ಕರುಳಿನಲ್ಲಿ ಗಟ್ಟಿಯಾದರೆ ಪ್ರಾಣಕ್ಕೇ ಅಪಾಯ. ಪರಿಚಯದ ಎಕ್ಸ್-ರೇ ಕೇಂದ್ರಕ್ಕೆ ಒಯ್ದೆವು. ಸ್ವಲ್ಪ ಮರಳು ಕಂಡಿತು, ಆದರೆ ದಾರಿ ಕಟ್ಟಿರಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಷ್ಟು ನಿಲ್ಲಿಸಿದರೆ ಮರಳೂ ಇಳಿಯುತ್ತದೆ, ಪೊರೆಯೂ ನೆನೆಯುತ್ತದೆ ಎಂದ. ನೆನೆದ ಪೊರೆಯನ್ನು ಒದ್ದೆ ಹತ್ತಿಕಡ್ಡಿಯಿಂದ ಉರುಳಿಸಿ ಉರುಳಿಸಿ ಬಿಡಿಸಬೇಕು, ಎಳೆಯಕೂಡದು. ಎಳೆದರೆ ಕೆಳಗಿನ ಹಸಿ ಚರ್ಮವೂ ಬರುತ್ತದೆ.

ಇಲ್ಲೊಂದು ತೊಡಕು ಬಂತು. ಎಮ್ಮೆ ಹಿಡಿಯಲು ನಾಲ್ಕು ಜನ ಸಿಗುತ್ತಾರೆ. ಇದನ್ನು ಒಬ್ಬರು ಹೂವಿನ ಹಾಗೆ ಹಿಡಿಯಬೇಕು, ಇನ್ನೊಬ್ಬರು ಭೂತಗನ್ನಡಿಯಲ್ಲಿ ನೋಡುತ್ತ ಬೆರಳು ಬಿಡಿಸಬೇಕು. ಬಿಗಿ ಹಿಡಿದರೆ ಬಾಲವನ್ನೇ ಕಳಚಿಕೊಂಡುಬಿಡುತ್ತದೆ. ಮನೆಯಲ್ಲಿ ನಾನೊಬ್ಬಳೇ. ಕ್ಲಿನಿಕ್ಕಿಗೆ ಬಂದವರನ್ನು ಕೇಳೋಣವೆಂದರೆ ಹಲ್ಲಿ ಎಂದ ಕೂಡಲೇ ಹಿಂದೆ ಸರಿಯುತ್ತಿದ್ದರು. ಶರಣಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅದುವರೆಗೆ ಅವರು ಚುಕ್ಕಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಹುಳವನ್ನೂ ಉದ್ದನೆಯ ಚಿಮಟದಿಂದ ಹಾಕಿ, ಹುಳ ತಿನ್ನಿಸಿದ ಪಾಪಕ್ಕೆ ಶಿವನಲ್ಲಿ ಕ್ಷಮೆ ಕೇಳುತ್ತಿದ್ದರಂತೆ. ಪೆಟ್ಟಿಗೆಯಿಂದ ಬುಟ್ಟಿಗೆ ಹಾಕಿಕೊಟ್ಟಿದ್ದು ಮಗ.

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದರು. ಕೈ ತೊಳೆದುಕೊಂಡರು. ಎರಡೂ ಅಂಗೈಯನ್ನು ಬಟ್ಟಲಿನಂತೆ ಮಾಡಿ ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, "ಹಾಕ್ರಿ" ಎಂದರು. ಚುಕ್ಕಿಯನ್ನು ಇಟ್ಟೆ. ಅವರ ಕೈ ಅಲುಗಲಿಲ್ಲ. ತುಟಿ ಶಿವನಾಮ ಜಪಿಸುತ್ತಿತ್ತು. ನಾನು ಕೆಲಸ ಶುರುಮಾಡಿ ಒಂದು ಬೆರಳಿನ ಉಂಗುರ ಬಿಡಿಸುವ ಹೊತ್ತಿಗೆ ಜಪ ನಿಂತಿತ್ತು. ತಲೆ ಎತ್ತಿ ನೋಡಿದರೆ ಅವರು ಕಣ್ಣು ತೆರೆದು ಚುಕ್ಕಿಯನ್ನು ನೋಡುತ್ತಿದ್ದರು. ಇದರ ಹೊಟ್ಟೆ ಎಷ್ಟು ಮೆತ್ತಗಿದೆ, ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ ಎಂದರು.

ಆ ಮೊದಲ ದಿನ ಕಣ್ಣು ತೊಳೆದು ಹನಿ ಹಾಕಿದೆವು, ಬೆರಳುಗಳಲ್ಲಿ ಹೆಚ್ಚಿನವು ಬಿಡುಗಡೆಯಾದವು. ಕಪ್ಪಾಗಿದ್ದ ತುದಿ ಉಳಿಯುವುದಿಲ್ಲವೆಂದು ನನಗೆ ಅನಿಸಿತು. ಪಕ್ಕದ ಊದಿದ ಬೆರಳು ಉಳಿಯುವುದೋ ಇಲ್ಲವೋ ಎಂಬುದು ಇನ್ನು ಹಸಿ ಡಬ್ಬಿಯ ಮೇಲೆ ನಿಂತಿತ್ತು.

ಅದರೊಳಗೆ ಏನು ಹಾಸುವುದು? ಪುಸ್ತಕದ ಉತ್ತರ ಸ್ಫ್ಯಾಗ್ನಮ್ ಮಾಸ್. ವಿದ್ಯಾ ಹಾಕಿದ್ದ ಪಾಚಿ ನಾರು ಅದೇ. ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ರಾಯಚೂರಿನಲ್ಲಿ ಯಾವ ಅಂಗಡಿಯಲ್ಲೂ ಅದು ಸಿಗಲಿಲ್ಲ. ಆನ್‌ಲೈನಿನಲ್ಲಿ ತರಿಸಿದರೆ ಬರುವವರೆಗೆ ಕಾಯಬೇಕು. ನರ್ಸರಿಯಿಂದ ತೆಂಗಿನ ನಾರಿನ ಪುಡಿಯ ಇಟ್ಟಿಗೆ ತಂದೆ. ನೀರು ಕುಡಿದು ಚೆನ್ನಾಗಿ ಉಬ್ಬಿತು, ತೇವವನ್ನೂ ಹಿಡಿಯಿತು. ಆದರೆ ಕೈಗೆಲ್ಲ ಪುಡಿ ಅಂಟುತ್ತಿತ್ತು. ಹಸಿ ಗಾಯದ ಬೆರಳಿಗೂ ಉರಿಯುವ ಕಣ್ಣಿಗೂ ಆ ಪುಡಿ ಮೆತ್ತಿಕೊಂಡರೆ ಗತಿಯೇನು ಎಂದು ಅದನ್ನು ಬದಿಗಿಟ್ಟೆ. ಶರಣಮ್ಮ ತಮ್ಮ ಗಿರಣಿಯ ಭತ್ತದ ಹೊಟ್ಟು ತರಿಸುತ್ತೇನೆಂದರು. ಹೊಟ್ಟಿನ ತುದಿ ಚೂಪು, ನೆನೆದರೆ ಬೂಜು ಹಿಡಿಯುತ್ತದೆ. ಹತ್ತಿಯಂತೂ ಕೂಡದೇ ಕೂಡದು. ಎಳೆ ಬೆರಳಿಗೆ ಸುತ್ತಿಕೊಂಡು ಪೊರೆ ಮಾಡಿದ ಅನಾಹುತವನ್ನೇ ಮಾಡುತ್ತದೆ. ಹಳೆಯ ಪಂಚೆಯ ತುಂಡು ಹಾಕಿ ನೋಡಿದೆ. ಬಟ್ಟೆಯ ಅಂಚಿನಿಂದ ದಾರ ಬಿಡುತ್ತಿತ್ತು, ಉಗುರು ಸಿಕ್ಕಿಕೊಳ್ಳುತ್ತಿತ್ತು.

ಉಳಿದದ್ದು ಅಡುಗೆಮನೆಯ ಟಿಶ್ಯೂ ಪೇಪರ್, ಬಣ್ಣವಾಗಲೀ ವಾಸನೆಯಾಗಲೀ ಇಲ್ಲದ್ದು. ಗಾಯಕ್ಕೆ ಅಂಟದು, ಪುಡಿ ಇಲ್ಲ, ಹೊಲಸಾದರೆ ತೆಗೆದು ಎಸೆದು ಹೊಸದು ಹಾಸಬಹುದು, ರಕ್ತ ಕೀವು ಬಂದರೆ ಕೂಡಲೇ ಕಾಣುತ್ತದೆ. ಗಾಯವಿರುವ ಪ್ರಾಣಿಗೆ ಇದಕ್ಕಿಂತ ನಿರಪಾಯದ ಹಾಸಿಗೆ ಇಲ್ಲ ಎಂದು ರಘುನಂದನ ಒಪ್ಪಿದ. ಅದಕ್ಕೊಂದೇ ದೋಷ. ನಮ್ಮ ಊರಿನ ಸೆಕೆಗೆ ಅದು ನಿಲ್ಲುವುದಿಲ್ಲ. ಖಾಲಿ ಡಬ್ಬಿಯಲ್ಲಿ ತೇವಮಾಪಕ ಇಟ್ಟು ಪರೀಕ್ಷಿಸಿದೆ. ಬೆಳಿಗ್ಗೆ ಎಂಬತ್ತರ ಮೇಲಿದ್ದ ಮುಳ್ಳು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ನಲವತ್ತಕ್ಕೆ ಇಳಿದಿತ್ತು. ತೂತನ್ನು ಸಣ್ಣದು ಮಾಡಿ, ಪದರ ಹೆಚ್ಚಿಸಿ, ಡಬ್ಬಿಯನ್ನು ನೆಲದ ಮೇಲಿಟ್ಟರೂ ಸಂಜೆಯವರೆಗೆ ಬಾಳಲಿಲ್ಲ. ಈ ಹಾಸು ಕೆಲಸ ಮಾಡಬೇಕಾದರೆ ದಿನಕ್ಕೆ ಹಲವು ಸಲ ಯಾರಾದರೂ ಅದನ್ನು ಮುಟ್ಟಿ ನೋಡಿ ನೀರು ಚಿಮುಕಿಸಬೇಕು. ನನಗೆ ಕ್ಲಿನಿಕ್ ಇತ್ತು, ನಡುವೆ ಕರೆ ಬಂದರೆ ಹಳ್ಳಿಗೂ ಹೋಗಬೇಕಿತ್ತು.

ಶರಣಮ್ಮ ತಾವೇ ಬರುವುದಾಗಿ ಹೇಳಿದರು. ಆಸ್ಪತ್ರೆ ನಮ್ಮ ಮನೆಯಿಂದ ಆಟೋದಲ್ಲಿ ಹತ್ತಿರ. ಬೆಳಿಗ್ಗೆ ಸೊಸೆಗೆ ಗಂಜಿ ಕುಡಿಸಿ ಇಲ್ಲಿಗೆ, ಮಧ್ಯಾಹ್ನ ಊಟ ಕೊಟ್ಟು ಮತ್ತೆ ಇಲ್ಲಿಗೆ, ಸಂಜೆ ಇನ್ನೊಮ್ಮೆ. ತಂಗಿಯ ಮನೆಗೆ ಹೋಗಿ ಬರುವುದಕ್ಕಿಂತ ಹತ್ತಿರವೆಂದು ಬಿಸಿಲಿನ ಹೊತ್ತನ್ನು ನಮ್ಮ ಮನೆಯಲ್ಲೇ ಕಳೆಯತೊಡಗಿದರು. ನಾನು ಗಬ್ಬೂರಿನ ಕೂಲಿಕಾರರ ಮಗಳು. ನಮ್ಮ ನಡುಮನೆಯಲ್ಲಿ ಬುದ್ಧನ ಪಟವಿದೆ. ಮಾನ್ವಿಯಲ್ಲಿ ಎಮ್ಮೆ ನೋಡಲು ಹೋದಾಗ ಅವರ ಮನೆಯ ಕಟ್ಟೆಯ ಮೇಲೆ ಕೂತು ಬಂದಿದ್ದೆನೇ ಹೊರತು ಒಳಗೆ ಹೋಗಿರಲಿಲ್ಲ, ಕರೆದೂ ಇರಲಿಲ್ಲ. ಈಗ ಶರಣಮ್ಮ ಆ ಪಟದ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು, ನಮ್ಮ ಕೊಡದ ನೀರು ಕುಡಿಯುತ್ತಿದ್ದರು, ಒಂದು ದಿನ ನಾನು ಕ್ಲಿನಿಕ್ಕಿನಿಂದ ಒಳಗೆ ಬರುವಷ್ಟರಲ್ಲಿ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ ಇಟ್ಟಿದ್ದರು. ಜೊತೆಗೆ ಕೂತು ಉಂಡೆವು.

ಕಪ್ಪಾಗಿದ್ದ ತುದಿ ಕೆಲವೇ ದಿನಗಳಲ್ಲಿ ಉದುರಿತು. ಪಕ್ಕದ ಬೆರಳಿನ ಊತ ಇಳಿಯಿತು. ಮರಳು ಹಿಕ್ಕೆಯಲ್ಲಿ ಬಂದದ್ದನ್ನು ಶರಣಮ್ಮ ಕಾಗದದಲ್ಲಿ ಹಿಡಿದು ಕ್ಲಿನಿಕ್ಕಿನ ತನಕ ತಂದು ತೋರಿಸಿದರು. ಆದರೆ ಕಣ್ಣು ತೆರೆಯಲಿಲ್ಲ, ಚುಕ್ಕಿ ಹುಳವನ್ನೂ ಮುಟ್ಟಲಿಲ್ಲ. ಈ ಜಾತಿ ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತದೆ. ದಿನದಿಂದ ದಿನಕ್ಕೆ ಬಾಲ ಸಣ್ಣಗಾಗುತ್ತಿರುವುದು ನಮ್ಮಿಬ್ಬರಿಗೂ ಕಾಣುತ್ತಿತ್ತು.

ಅದೇ ಹೊತ್ತಿಗೆ ವಿದ್ಯಾ ಚುಕ್ಕಿಯನ್ನು ವಿಡಿಯೋದಲ್ಲಿ ತೋರಿಸಿ ಎಂದು ಹಟ ಹಿಡಿದಳು. ಮಾನ್ವಿಯಲ್ಲಿ ನೆಟ್‌ವರ್ಕ್ ಇಲ್ಲ, ಫೋನ್ ಕೆಟ್ಟಿದೆ ಎಂದು ಮಗ ಒಂದೆರಡು ಸಲ ತಪ್ಪಿಸಿದ. ಶರಣಮ್ಮ ನನ್ನನ್ನು ಕೇಳಿಕೊಂಡರು: ನೀವು ಡಾಕ್ಟರು, ಆಸ್ಪತ್ರೆಗೆ ಬಂದು ಚುಕ್ಕಿ ಚೆನ್ನಾಗಿದೆ ಎಂದು ಒಂದು ಮಾತು ಹೇಳಿ, ನಿಮ್ಮ ಮಾತು ನಂಬುತ್ತಾಳೆ. ನನ್ನ ರೋಗಿಯ ಸ್ಥಿತಿಯನ್ನು ಅದರ ಒಡತಿಗೆ ಸುಳ್ಳಾಗಿ ಹೇಳುವುದು ನನ್ನಿಂದಾಗದು ಎಂದೆ. ಹಾಗೆಂದು ಅಪಾಯದ ಗರ್ಭಿಣಿಗೆ ಏಟಿನಂಥ ಸುದ್ದಿ ಹೇಳುವ ಹಕ್ಕೂ ನನಗಿರಲಿಲ್ಲ. ವಿದ್ಯಾಳ ಹೆರಿಗೆ ವೈದ್ಯೆಯನ್ನು ಹೋಗಿ ಕಂಡೆ. ಆಕೆ ಕೇಳಿಸಿಕೊಂಡು, ಅವಳಿಗೆ ಯಾವುದೋ ಅನುಮಾನ ಇದೆ, ಅದಕ್ಕೇ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಇದ್ದದ್ದನ್ನು ಮೆಲ್ಲಗೆ ಹೇಳಿಬಿಡಿ, ನಾನೂ ವಾರ್ಡಿನಲ್ಲೇ ಇರುತ್ತೇನೆ ಎಂದರು. ಆ ವೈದ್ಯೆಯ ವಿವೇಕವನ್ನು ನಾನು ಇಂದಿಗೂ ನೆನೆಯುತ್ತೇನೆ.

ಶರಣಮ್ಮನೊಂದಿಗೆ ವಾರ್ಡಿಗೆ ಹೋದೆ. ವಿದ್ಯಾ ಎಡಮಗ್ಗುಲಾಗಿ ಮಲಗಿದ್ದಳು, ತೆಳ್ಳಗಿನ ಮುಖ, ದೊಡ್ಡ ಕಣ್ಣು. ನಾನು ಯಾರೆಂದು ಹೇಳಿಕೊಂಡೆ. ಪಶುವೈದ್ಯೆ ಎಂದ ಕೂಡಲೇ ಅವಳ ದೃಷ್ಟಿ ಅತ್ತೆಯ ಕಡೆ ಹೊರಳಿತು. ಹೇಗೆ ಆರಂಭಿಸಬೇಕೆಂದು ನಾನು ಯೋಚಿಸುತ್ತಿರುವಾಗಲೇ ಶರಣಮ್ಮ ಮಂಚದ ಅಂಚಿಗೆ ಕೂತು ಸೊಸೆಯ ಪಾದದ ಮೇಲೆ ಕೈಯಿಟ್ಟರು.

"ವಿದ್ಯಾ, ನಿನ್ನ ಆ ಹಸಿ ಡಬ್ಬಿ ನಾನಽ ಚೆಲ್ಲಿದೆ. ಹೊಲಸು ಅಂತ ತಿಳದೆ. ಚುಕ್ಕೀದು ಒಂದು ಬೆರಳಿನ ತುದಿ ಹ್ವಾತು. ಒಂದು ಕಣ್ಣು ಇನ್ನಾ ತೆರದಿಲ್ಲ. ಜೀವ ಅದ. ಡಾಕ್ಟರಮ್ಮರ ಮನ್ಯಾಗ ಅದ."

ವಿದ್ಯಾ ಗೋಡೆಯ ಕಡೆ ಮುಖ ತಿರುಗಿಸಿದಳು. ಭುಜ ಅಲುಗುತ್ತಿತ್ತು. ಬಾಗಿಲ ಬಳಿ ಹೆರಿಗೆ ವೈದ್ಯೆ ನಿಂತದ್ದು ಕಂಡಿತು, ನಾನು ಸುಮ್ಮನಿರಿ ಎಂಬಂತೆ ಕೈ ಮಾಡಿದೆ. ಶರಣಮ್ಮ ಪಾದದ ಮೇಲಿನ ಕೈ ತೆಗೆಯಲಿಲ್ಲ. ವಿದ್ಯಾ ಗೋಡೆ ನೋಡುತ್ತಲೇ ಕೇಳಿದಳು.

"ಈಗ ಡಬ್ಬ್ಯಾಗ ಏನ್ ಹಾಕೀರಿ?"

ಟಿಶ್ಯೂ, ಎಂದೆ. ಅದು ಒಣಗುತ್ತದಲ್ಲ ಎಂದಳು. ನಿಮ್ಮತ್ತೆ ಹಗಲೆಲ್ಲ ಬಂದು ನೀರು ಚಿಮುಕಿಸುತ್ತಾರೆ, ಚುಕ್ಕಿಯನ್ನು ಹಿಡಿದುಕೊಳ್ಳುವವರೂ ಅವರೇ ಎಂದೆ. ಆಗ ಅವಳು ಈ ಕಡೆ ತಿರುಗಿದಳು.

"ಅತ್ತಿ, ನೀವು ಹಿಡದ್ರಿ?"

"ಹ್ಞೂಂ."

"ಕೈಯಾಗ?"

ಶರಣಮ್ಮ ಎರಡೂ ಅಂಗೈ ಜೋಡಿಸಿ ತೋರಿಸಿದರು. ವಿದ್ಯಾ ಆ ಕೈಗಳನ್ನು ನೋಡುತ್ತ ನೋಡುತ್ತ ಮತ್ತೆ ಅತ್ತಳು, ಆದರೆ ಈ ಸಲದ ಅಳು ಬೇರೆಯಾಗಿತ್ತು. "ತಪ್ಪು ನಂದೂ ಅದ್ರೀ ಅತ್ತಿ," ಎಂದಳು. "ಆ ಡಬ್ಬಿ ಯಾಕ ಇಟ್ಟೀನಿ ಅಂತ ನಿಮಗ ಒಂದಿನಾನೂ ಹೇಳಲಿಲ್ಲ. ನೀವು ಕೇಳಂಗಿಲ್ಲ ಅಂತ ನಾನಽ ಅನ್ಕೊಂಡಿದ್ದೆ."

ಆ ಮೇಲಿನ ಮಾತೆಲ್ಲ ಕೆಲಸದ್ದು. ಅವಳು ತರಿಸಿದ್ದ ಮಾಸ್‌ನಲ್ಲಿ ಇನ್ನೊಂದು ಪೊಟ್ಟಣ ಮಾನ್ವಿಯ ಮನೆಯ ಕಪಾಟಿನಲ್ಲಿ ಉಳಿದಿತ್ತು, ಯಾರಿಗೂ ಗೊತ್ತಿರಲಿಲ್ಲ. ಗಾಯ ಒಣಗುವವರೆಗೆ ಟಿಶ್ಯೂ, ಆಮೇಲೆ ಮಾಸ್ ಎಂದು ಮೂವರೂ ಸೇರಿ ತೀರ್ಮಾನಿಸಿದೆವು. ಆ ಪಾಚಿ ನಾರನ್ನು ಎಷ್ಟು ಹಿಂಡಬೇಕೆಂದು ಅವಳು ಅತ್ತೆಗೆ ಹೇಳಿಕೊಟ್ಟಳು. ಮುಷ್ಟಿಯಲ್ಲಿ ಒತ್ತಿದರೆ ನೀರು ತೊಟ್ಟಿಕ್ಕಬಾರದು, ಬಿಟ್ಟರೆ ಕೈ ಒದ್ದೆಯಾಗಿರಬೇಕು. ಮುಗ್ಗಲು ವಾಸನೆ ಬಂದರೆ ಚೆಲ್ಲಿ, ಆದರೆ ಹೊಸದು ಹಾಕಿ ಎಂದಾಗ ಶರಣಮ್ಮನಿಗೇ ನಗು ಬಂತು.

ಮರುದಿನದಿಂದ ವಿಡಿಯೋದಲ್ಲಿ ಚುಕ್ಕಿಯನ್ನು ತೋರಿಸುವುದು ಆಸ್ಪತ್ರೆಯ ದಿನಚರಿಯಲ್ಲಿ ಸೇರಿತು. ವಿದ್ಯಾ ಹೇಳಿದಂತೆ ಹುಳದ ತಲೆ ಚಿವುಟಿ ಅದರ ರಸವನ್ನು ತುಟಿಗೆ ಸವರಿದೆವು, ನೆಕ್ಕಿತು. ಚಿವುಟುವ ಕೆಲಸ ನನ್ನದು, ಶರಣಮ್ಮ ಆಗ ಕಿಟಕಿಯ ಹೊರಗೆ ನೋಡುತ್ತಿದ್ದರು. ಒಂದು ಬೆಳಿಗ್ಗೆ ಕಣ್ಣು ತೊಳೆಯುವಾಗ ರೆಪ್ಪೆಯೊಳಗಿಂದ ಅಕ್ಕಿಕಾಳಿಗಿಂತ ಸಣ್ಣದೊಂದು ಒಣ ಪೊರೆ ಹತ್ತಿಕಡ್ಡಿಗೆ ಅಂಟಿಕೊಂಡು ಬಂತು. ಸಂಜೆಯ ಹೊತ್ತಿಗೆ ಎಡಗಣ್ಣು ಅರ್ಧ ತೆರೆಯಿತು. ಆ ಕಣ್ಣಿನಿಂದ ಅದು ಏನು ಕಂಡಿತೋ, ಚಿಮಟದ ತುದಿಯ ಹುಳವನ್ನು ಗಬಕ್ಕನೆ ಹಿಡಿಯಿತು.

ಗಾಯ ಒಣಗಿದ ಮೇಲೆ ಮಾಸ್ ಹಾಸಿದೆವು. ತೇವಮಾಪಕ ಸಂಜೆಯಾದರೂ ಎಪ್ಪತ್ತೈದರ ಕೆಳಗೆ ಇಳಿಯಲಿಲ್ಲ. ಮೇ ಕೊನೆಯಲ್ಲಿ ಚುಕ್ಕಿಯ ಮೈ ಪೊರೆ ಬಿಡುವ ಮುನ್ನ ಆಗುವಂತೆ ಬೂದು ಬಣ್ಣಕ್ಕೆ ತಿರುಗಿತು, ಅದು ಡಬ್ಬಿಯೊಳಗೆ ಹೊಕ್ಕು ಕೂತಿತು. ಶರಣಮ್ಮ ಮಧ್ಯಾಹ್ನದ ನಿದ್ದೆ ಬಿಟ್ಟು ಅದರ ಮುಂದೆಯೇ ಕೂತಿದ್ದರು. ನನ್ನನ್ನು ಕೂಗಿದಾಗ ಕ್ಲಿನಿಕ್ಕಿನಲ್ಲಿ ನಾಯಿಗೆ ಚುಚ್ಚುಮದ್ದು ಕೊಡುತ್ತಿದ್ದೆ, ಮುಗಿಸಿ ಓಡಿದೆ. ಚುಕ್ಕಿ ಮೂಗಿನಿಂದ ಪೊರೆ ಬಿಡಿಸಿಕೊಂಡು, ಕಾಲಿನದನ್ನು ಬಾಯಿಂದ ಕೈಗವಸು ಕಳಚುವ ಹಾಗೆ ಎಳೆದು ತೆಗೆದು, ತೆಗೆದದ್ದನ್ನು ತಾನೇ ತಿನ್ನುತ್ತಿತ್ತು. ಈ ಪ್ರಾಣಿಗಳ ರೂಢಿ ಅದು. ಅರ್ಧ ಗಂಟೆಯಲ್ಲಿ ಹೊಸ ಹಳದಿ ಮೈ ಹೊಳೆಯಿತು. ಒಂದೊಂದೇ ಬೆರಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲೂ ಒಂದೆಳೆ ಉಳಿದಿರಲಿಲ್ಲ. ಶರಣಮ್ಮ ವಿಡಿಯೋದಲ್ಲಿ ಸೊಸೆಗೆ ಇದೆಲ್ಲ ತೋರಿಸುತ್ತಿದ್ದರು, ವಾರ್ಡಿನ ನರ್ಸುಗಳೂ ಫೋನಿನ ಸುತ್ತ ಸೇರಿದ್ದು ಕಾಣುತ್ತಿತ್ತು.

ಮಳೆಗಾಲದ ಆರಂಭದಲ್ಲಿ ವಿದ್ಯಾಳಿಗೆ ಶಸ್ತ್ರಚಿಕಿತ್ಸೆಯಿಂದ ಹೆಣ್ಣು ಕೂಸು ಹುಟ್ಟಿತು. ದಿನ ತುಂಬುವ ಮುಂಚೆ ಹುಟ್ಟಿದ್ದರಿಂದ ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಯಿತು, ಆಮೇಲೆ ತಾಯಿ ಮಗು ಇಬ್ಬರೂ ಸುಖವಾಗಿ ಮಾನ್ವಿಗೆ ಹೋದರು. ಚುಕ್ಕಿಯನ್ನು ಕಳಿಸುವಾಗ ನಾನು ಕಟ್ಟುನಿಟ್ಟಾಗಿ ಹೇಳಿದ್ದು ಒಂದೇ. ಗೆಕ್ಕೊಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಬಾಣಂತಿ ಮುಟ್ಟಕೂಡದು, ಕೂಸಿನ ಕೋಣೆಗೂ ಪೆಟ್ಟಿಗೆಯ ಕೋಣೆಗೂ ದೂರವಿರಲಿ, ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಲಿ. ಹಲ್ಲಿಯನ್ನು ಮುಟ್ಟಿದರೆ ಸ್ನಾನವನ್ನೇ ಮಾಡುವ ಮನೆ ನಮ್ಮದು, ಕೈ ತೊಳೆಯುವುದೇನು ದೊಡ್ಡದು ಎಂದರು ಶರಣಮ್ಮ. ಅಂದಿನಿಂದ ಚುಕ್ಕಿಯ ಪೂರ್ತಿ ಉಸ್ತುವಾರಿ ಅವರದೇ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನನ್ನನ್ನು ಕರೆದಿದ್ದರು. ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಮನೆಯವರ ಸಾಲಿನಲ್ಲೇ ಎಲೆ ಹಾಕಿ ಕೂರಿಸಿದರು.

ನೌಕರಿಯ ಉದ್ದಕ್ಕೂ ನಾನು ಚೀಟಿ ಬರೆದುಕೊಟ್ಟವಳು. ದಿನಕ್ಕೆ ಎರಡು ಸಲ ಹಚ್ಚಿ, ಮೂರು ಸಲ ಕುಡಿಸಿ ಎಂದು ಹೇಳಿ ಜೀಪು ಹತ್ತಿದವಳು. ಆ ಬೇಸಿಗೆಯ ನಂತರ ಚೀಟಿ ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ: ಮನೆಯಲ್ಲಿ ಇದನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಏನೇನು ಆಗುತ್ತದೆ, ಏನೇನು ಆಗುವುದಿಲ್ಲ? ಸ್ಫ್ಯಾಗ್ನಮ್ ಮಾಸ್ ಒಳ್ಳೆಯದೋ ಟಿಶ್ಯೂ ಒಳ್ಳೆಯದೋ ಎಂದು ಈಗ ಗೆಕ್ಕೊ ಸಾಕುವ ಕಾಲೇಜು ಮಕ್ಕಳು ಕೇಳಿಕೊಂಡು ಬರುತ್ತಾರೆ. ಗಾಯವಿದ್ದರೆ ಟಿಶ್ಯೂ, ಇಲ್ಲದಿದ್ದರೆ ಮಾಸ್, ಪುಡಿಯನ್ನು ಚೆನ್ನಾಗಿ ಜರಡಿ ಹಿಡಿದು ತೆಗೆದಿದ್ದರೆ ತೆಂಗಿನ ನಾರೂ ನಡೆಯುತ್ತದೆ ಎನ್ನುತ್ತೇನೆ. ನೀವು ಊರಿಗೆ ಹೋದಾಗ ನೋಡಿಕೊಳ್ಳುವವರಿಗೆ ಆ ಡಬ್ಬಿ ಏಕೆ ಎಂದು ಹೇಳಿದ್ದೀರಾ ಎಂದೂ ಕೇಳುತ್ತೇನೆ. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಮನೆಗೆ ಹೋಗಿ ನಿಮ್ಮ ತಾಯಿಗೆ ಹೇಳಿ, ಅವರು ಕೇಳಿಸಿಕೊಳ್ಳುತ್ತಾರೆ ಎಂದು ಕಳಿಸುತ್ತೇನೆ.